ಹುಷಾರು ತಪ್ಪಿದರೆ ಅಲ್ಲಿ ಯಾರಿದ್ದಾರೆ ಅಂದಿರಲ್ಲ

ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಯಜಮಾನರಿಗೆ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಕೆಲಸ ಸಿಕ್ಕಿದೆ, ಇಲ್ಲಿದ್ದು ಕೆಲಸ ಮಾಡೋಕೆ ಕೊಡೋ ಬ್ಲೂ ಕಾರ್ಡ್ ಆಗ್ತಿದೆ, ಮಗುವಿಗೆ ನಾಲ್ಕು ವರ್ಷ, ದಾವಣಗೆರೆ ಬಿಡೋಕೆ ಇನ್ನು ಎರಡೇ ತಿಂಗಳು ಅಂತ ಬರೆದಿದ್ದೀರಿ. ಮನೆ ಬಾಡಿಗೆ, ತರಕಾರಿ, ಚಳಿ, ಶಾಲೆ ಎಲ್ಲದರ ಬಗ್ಗೆಯೂ ಕೇಳಿದ್ದೀರಿ. ಕೊನೇಲಿ ಒಂದು ಸಾಲು: "ಇವರಿಗೆ ಬಿಪಿ ಇದೆ. ಹುಷಾರು ತಪ್ಪಿದರೆ ಅಲ್ಲಿ ಯಾರಿದ್ದಾರೆ ಅಂತ ನಮ್ಮತ್ತೆ ಕೇಳ್ತಿದ್ದಾರೆ. ಏನು ಹೇಳಲಿ ಅಕ್ಕ?" ತರಕಾರಿ, ಚಳಿ ಎಲ್ಲ ಇನ್ನೊಂದು ಸಲ ಬರೀತೀನಿ. ಅತ್ತೆಯವರ ಮಾತಿಗೆ ಮೊದಲು ಉತ್ತರ ಹೇಳಬೇಕು. ನಾವು ಆ ದಾರಿ ನಡೆದು ಬಂದವರು.

2019ರ ಫೆಬ್ರವರಿ, ಒಂದು ಮಂಗಳವಾರ ಬೆಳಗ್ಗೆ ಆರೂವರೆ. ನಾನು ಮಗನ ಡಬ್ಬಿಗೆ ಚಪಾತಿ ಸುತ್ತುತ್ತಿದ್ದೆ. ಇವರು ಕಾಫಿ ಲೋಟ ಎತ್ತಿಕೊಂಡರು. ಲೋಟ ಹಾಗೇ ವಾಲಿತು, ಕಾಫಿ ಸಣ್ಣ ಧಾರೆಯಾಗಿ ತೊಡೆ ಮೇಲೆ ಸುರೀತಿದೆ, ಇವರಿಗೆ ಅದರ ಅರಿವೇ ಇಲ್ಲ. "ರೀ, ಲೋಟ" ಅಂದೆ. ನನ್ನ ಕಡೆ ತಿರುಗಿ ಏನೋ ಹೇಳಿದರು. ದನಿ ಅವರದೇ, ಮಾತಿನ ಏರಿಳಿತ ಅವರದೇ. ಆದರೆ ಅದರಲ್ಲಿ ಒಂದು ಪದವೂ ಇರಲಿಲ್ಲ. ಬಾಯಿಯ ಬಲಗಡೆ ಅಂಚು ಜೋತುಬಿದ್ದಿತ್ತು.

ನಾನು ಆಗ ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತಲೇ ಇದನ್ನು ಬರೀತಿರೋದು. ನಿದ್ದೆಗೆಟ್ಟಿದ್ದಾರೆ ಅಂದುಕೊಂಡೆ. ಸೋಫಾ ಮೇಲೆ ಕೂರಿಸಿ ನೀರು ಕುಡಿಸೋಕೆ ಹೋದೆ. ಆಮೇಲೆ ನಮ್ಮೂರ ಕಡೆಯ ಗೆಳತಿಗೆ ಫೋನ್ ಮಾಡಿ ಏನು ಮಾಡಲಿ ಅಂತ ಕೇಳಿದೆ. "ನನಗ್ಯಾಕೆ ಮಾಡ್ತಿದ್ದೀಯ, 112ಕ್ಕೆ ಮಾಡೇ" ಅಂತ ಅವಳು ಕಿರುಚಿದ ಮೇಲೇ ನನಗೆ ಎಚ್ಚರ ಬಂದದ್ದು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು. ಇವರಿಗೆ ಆಗಿದ್ದು ಸ್ಟ್ರೋಕ್, ಅಂದರೆ ಪಾರ್ಶ್ವವಾಯು. ಮೆದುಳಿಗೆ ರಕ್ತ ಹೋಗೋ ನಾಳ ಹೆಪ್ಪುಗಟ್ಟಿ ಮುಚ್ಚಿಕೊಂಡರೆ, ಅದನ್ನು ಕರಗಿಸೋ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಮುಖ ಓರೆಯಾಯಿತಾ, ಕೈ ಮೇಲೆತ್ತಿದರೆ ಜಾರುತ್ತಾ, ಮಾತು ತೊದಲುತ್ತಾ? ಮೂರರಲ್ಲಿ ಒಂದು ಕಂಡರೂ ನೀರು ಕುಡಿಸಬೇಡಿ, ಯಾರನ್ನೂ ಕೇಳಬೇಡಿ, 112 ಒತ್ತಿ. ಇನ್ನೊಂದು ಮಾತು. ಇಲ್ಲಿನ ಎಷ್ಟೋ ಕಟ್ಟಡಗಳಲ್ಲಿ ಫ್ಲ್ಯಾಟ್ ನಂಬರ್ ಇರಲ್ಲ. ಕೆಳಗಿನ ಬೆಲ್ ಪಕ್ಕ ಬರೆದಿರೋ ಹೆಸರೇ ನಿಮ್ಮ ವಿಳಾಸ. ಆಂಬ್ಯುಲೆನ್ಸಿನವರು ಅದನ್ನೇ ಕೇಳ್ತಾರೆ. ಬಂದ ದಿನವೇ ಆ ಹೆಸರು ಹಾಕಿಸಿ.

ಆಸ್ಪತ್ರೆಯ ಚಿಕಿತ್ಸೆಗೆ ನಾವು ಸಾಲ ಮಾಡಲಿಲ್ಲ. ಇದನ್ನು ನಿಮ್ಮತ್ತೆಗೆ ಧೈರ್ಯವಾಗಿ ಹೇಳಿ. ಸರ್ಕಾರಿ ವಿಮೆ ಇದ್ದವರು ದಿನಕ್ಕೆ 10 ಯೂರೋ ಕಟ್ಟಬೇಕು, ಅದೂ ವರ್ಷಕ್ಕೆ ಹೆಚ್ಚೆಂದರೆ 28 ದಿನಕ್ಕೆ. ಮೊದಲ ಆರು ವಾರ ಕಂಪನಿ ಪೂರ್ತಿ ಸಂಬಳ ಕೊಡುತ್ತೆ, ಆದರೆ ಕೆಲಸಕ್ಕೆ ಸೇರಿ ನಾಲ್ಕು ವಾರ ಆಗಿರಬೇಕು. ಆಮೇಲೆ ವಿಮೆಯವರು ಕ್ರಾಂಕನ್‌ಗೆಲ್ಡ್ ಅಂತ ಸಂಬಳದ ಶೇಕಡ 70ರಷ್ಟು ಕೊಡ್ತಾರೆ. ಒಂದೇ ಕಾಯಿಲೆಗೆ ಮೂರು ವರ್ಷದಲ್ಲಿ ಒಟ್ಟು 78 ವಾರದವರೆಗೆ, ಕಂಪನಿ ಕೊಟ್ಟ ಆ ಆರು ವಾರವೂ ಸೇರಿ. ಕೆಲಸಕ್ಕೆ ಹೋಗೋ ಹಾಗಿಲ್ಲ ಅಂತ ಡಾಕ್ಟರು ಕೊಡೋ ಚೀಟಿ ಮಾತ್ರ ತಪ್ಪದೆ ಮುಂದುವರೀತಾ ಹೋಗಬೇಕು, ಹಳೇದು ಮುಗಿಯೋ ಮೊದಲೇ ಹೊಸದು ಮಾಡಿಸಿಕೊಳ್ಳಿ. ಸಂಬಳ ಜಾಸ್ತಿ ಅಂತ ಖಾಸಗಿ ವಿಮೆಗೆ ಹೋಗಿ ಅಂತ ನಿಮ್ಮವರಿಗೆ ಯಾರಾದರೂ ಹೇಳಿಯೇ ಹೇಳ್ತಾರೆ. ಸರ್ಕಾರಿ ವಿಮೆಯಲ್ಲಿ ಸಂಪಾದನೆ ಇಲ್ಲದ ಹೆಂಡತಿ ಮಕ್ಕಳಿಗೆ ಬೇರೆ ಕಂತು ಇಲ್ಲ, ಖಾಸಗಿಯಲ್ಲಿ ತಲೆಗೊಂದು ಕಂತು. ಚಿಕ್ಕ ಮಗು ಇರೋ, ಬಿಪಿ ಇರೋ ಮನೆಗೆ ನನ್ನ ಮಾತು ಒಂದೇ, ಸರ್ಕಾರಿಯಲ್ಲೇ ಇರಿ.

ದುಡ್ಡು ತೊಂದರೆ ಕೊಡಲಿಲ್ಲ, ಕಾಗದಪತ್ರ ಕೊಟ್ಟವು. ಬಾಡಿಗೆ, ಕರೆಂಟು, ಇಂಟರ್ನೆಟ್ಟು, ಬ್ಯಾಂಕ್ ಖಾತೆ ಎಲ್ಲವೂ ಇವರ ಹೆಸರಲ್ಲಿ. ಬ್ಯಾಂಕಿಗೆ ಹೋದರೆ ಕೌಂಟರಿನಲ್ಲಿದ್ದ ಹುಡುಗ "ಅವರ ಸಹಿ ತನ್ನಿ" ಅಂದ. ಸಹಿ ಮಾಡೋ ಕೈಯೇ ಏಳ್ತಿಲ್ಲ ಅಂದರೂ ಅದೇ ಮಾತು. ಹೆಂಡತಿ ಅನ್ನೋ ಒಂದೇ ಕಾರಣಕ್ಕೆ ಗಂಡನ ಚಿಕಿತ್ಸೆ ಬಗ್ಗೆ ತೀರ್ಮಾನ ಮಾಡೋ ಹಕ್ಕೂ ಆಗ ಇಲ್ಲಿರಲಿಲ್ಲ. 2023ರ ಜನವರಿಯಿಂದ ಕಾನೂನು ಬದಲಾಗಿದೆ, ಆರೋಗ್ಯದ ವಿಷಯದಲ್ಲಿ ಆರು ತಿಂಗಳವರೆಗೆ ಗಂಡ ಹೆಂಡತಿ ಒಬ್ಬರ ಪರವಾಗಿ ಇನ್ನೊಬ್ಬರು ನಿಲ್ಲಬಹುದು. ಬ್ಯಾಂಕಿಗೆ, ಬಾಡಿಗೆಗೆ ಅದು ನಡೆಯಲ್ಲ. ಅದಕ್ಕೆ ಫೋಲ್‌ಮಾಖ್ಟ್ ಅಂತ ಅಧಿಕಾರಪತ್ರ ಬೇಕು. ಇಬ್ಬರೂ ಗಟ್ಟಿಮುಟ್ಟಾಗಿರುವಾಗಲೇ ಕೂತು ಬರೆದಿಡಿ, ಬ್ಯಾಂಕಿನದ್ದು ಬ್ಯಾಂಕಿಗೇ ಹೋಗಿ ಮಾಡಿಸಿ. ಅಪಶಕುನ ಅಂತ ನಮ್ಮವರು ಈ ಮಾತೇ ಎತ್ತಲ್ಲ. ನಾವೂ ಎತ್ತಿರಲಿಲ್ಲ.

ಹನ್ನೆರಡು ದಿನ ಆಸ್ಪತ್ರೆ, ಆಮೇಲೆ ಮೂರು ತಿಂಗಳು ರಿಹ್ಯಾಬ್, ಅಂದರೆ ಚೇತರಿಕೆಯ ಕೇಂದ್ರ. ಆ ರಿಹ್ಯಾಬಿಗೆ ಜಾಗ ಹುಡುಕಿ, ಅರ್ಜಿ ತುಂಬಿ ಕಳಿಸಿದ್ದು ಆಸ್ಪತ್ರೆಯಲ್ಲೇ ಇರೋ ಸಮಾಜಸೇವಾ ವಿಭಾಗದ ಹೆಂಗಸು. ಅಂಥ ವಿಭಾಗ ಇರೋದೇ ನನಗೆ ಗೊತ್ತಿರಲಿಲ್ಲ. ಕಾರಿಡಾರಿನಲ್ಲಿ ಅಳ್ತಾ ಕೂತಿದ್ದವಳನ್ನು ನರ್ಸ್ ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋದಳು. ಈ ದೇಶದಲ್ಲಿ ಸಹಾಯ ತುಂಬ ಇದೆ, ತಂಗಿ. ಆದರೆ ಅದು ತಾನಾಗಿ ಮನೆ ಬಾಗಿಲಿಗೆ ಬರಲ್ಲ. ಬಾಯಿಬಿಟ್ಟು ಕೇಳಬೇಕು, ಜರ್ಮನ್‌ನಲ್ಲಿ ಕೇಳಬೇಕು. ಬಿ1 ಮಟ್ಟದ, ಅಂದರೆ ದಿನಬಳಕೆಗೆ ಸಾಕಾಗುವಷ್ಟು ಜರ್ಮನ್ ಇದ್ದರೆ ಬ್ಲೂ ಕಾರ್ಡಿನವರಿಗೆ 27 ತಿಂಗಳ ಬದಲು 21 ತಿಂಗಳಿಗೇ ಕಾಯಂ ವಾಸದ ಅನುಮತಿ ಸಿಗುತ್ತೆ ಅಂತ ನಿಮ್ಮವರು ಓದಿರ್ತಾರೆ. ನೀವು ಕಲಿಯೋದು ಅದಕ್ಕಲ್ಲ. ಡಾಕ್ಟರು ರೌಂಡ್ಸಿಗೆ ಬಂದಾಗ ಹಾಸಿಗೆ ಪಕ್ಕ ನಿಂತು ಮಾತಾಡಬೇಕಾದವರು ನೀವು.

ಇವರಿಗೆ ಬಲಗೈ ಬಲಗಾಲು ನಿಧಾನವಾಗಿ ಬಂದವು. ಮಾತು ಬರಲಿಲ್ಲ. ಅಫೇಸಿಯಾ ಅಂತಾರೆ. ಬುದ್ಧಿ ಇದ್ದ ಹಾಗೇ ಇರುತ್ತೆ, ಹೇಳಬೇಕಾದ್ದು ಮನಸ್ಸಲ್ಲಿರುತ್ತೆ, ಪದ ಮಾತ್ರ ಕೈಗೆ ಸಿಗಲ್ಲ. ಮಾತಿನ ತರಬೇತಿ ಕೊಡೋ ಹುಡುಗಿ ದಿನಾ ಚಿತ್ರದ ಕಾರ್ಡುಗಳನ್ನು ಹಿಡಿದು ಬರ್ತಿದ್ದಳು. ಒಂದು ದಿನ ನಾನೂ ಅಲ್ಲಿದ್ದೆ. ಸೇಬು ತೋರಿಸಿದಳು, ಮಾತಿಲ್ಲ. ಕುರ್ಚಿ, ಮಾತಿಲ್ಲ. ದೊಡ್ಡ ಹಿಡಿಯ, ತುದಿಯಲ್ಲಿ ಗುಂಡಗಿನ ಬಟ್ಟಲಿರೋ ಚಮಚ ತೋರಿಸಿದಳು. ಇವರು ಹಣೆ ಗಂಟಿಕ್ಕಿ, ತುಟಿ ಒದ್ದಾಡಿಸಿ, "ಸೌ... ಸೌಟು" ಅಂದರು. ಅವಳು ಮೆಲ್ಲಗೆ ತಲೆಯಾಡಿಸಿ ಹಾಳೆಯಲ್ಲಿ ಅಡ್ಡಗೆರೆ ಎಳೆದಳು. ಅರ್ಥವಿಲ್ಲದ ಶಬ್ದ ಅಂದುಕೊಂಡಿರಬೇಕು. ನಾನು ಎದ್ದು ನಿಂತು, "ಸರಿಯಾಗಿದೆ! ಅದು ನಮ್ಮ ಭಾಷೆ, ಸರಿಯಾಗೇ ಹೇಳಿದ್ದಾರೆ" ಅಂದೆ. ಅವಳು ಪೆನ್ನು ಕೆಳಗಿಟ್ಟು ಇವರ ಮುಖ ನೋಡಿದಳು. ಇವರ ಕಣ್ಣಲ್ಲಿ ನೀರು.

ಅವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಆ ಕಾರ್ಡುಗಳ ಪಟ್ಟಿಗೆ ಕನ್ನಡ ಬರೆದೆ, ಅವಳು ಓದೋ ಹಾಗೆ ಅವಳದೇ ಲಿಪಿಯಲ್ಲಿ. ಎಲೆ, ಕೀಲಿ, ಬಾಚಣಿಗೆ, ಕೊಡೆ. ನೂರಾ ಇಪ್ಪತ್ತು ಪದ. ಎರಡು ಮೂರು ಭಾಷೆ ಬಲ್ಲವರಿಗೆ ಸ್ಟ್ರೋಕ್ ಆದಾಗ ಎಲ್ಲ ಭಾಷೆಯೂ ಒಂದೇ ಸಲ ವಾಪಸ್ ಬರಬೇಕು ಅಂತಿಲ್ಲ ಅಂತ ಅವಳೇ ಆಮೇಲೆ ವಿವರಿಸಿದಳು. ಎಣಿಕೆ, ವಾರದ ಹೆಸರು, ಪ್ರಾರ್ಥನೆಯಂಥ ಬಾಯಿಪಾಠ ಎಷ್ಟೋ ಜನಕ್ಕೆ ಉಳಿದಿರುತ್ತೆ, ಇವರಿಗೆ ಬಾಲ್ಯದಲ್ಲಿ ಏನು ಬಾಯಿಪಾಠ ಮಾಡಿಸ್ತಿದ್ದರು ಅಂತ ಕೇಳಿದಳು. ಮಗ್ಗಿ ಅಂದೆ. "ಎರಡೊಂದ್ಲ ಎರಡು" ಅಂತ ನಾನು ಶುರು ಮಾಡಿದೆ. "ಎರಡೆರಡ್ಲ ನಾಕು" ಅಂತ ಇವರು ಹಿಡಿದುಕೊಂಡರು. ಇಪ್ಪತ್ತರವರೆಗೂ ನಿಲ್ಲಲಿಲ್ಲ. ಆರು ವಾರ "ನೀರು" ಅನ್ನೋಕಾಗದೆ ಕೈ ತೋರಿಸ್ತಿದ್ದ ಮನುಷ್ಯ.

ರಿಹ್ಯಾಬ್ ಊರಿಗೆ ಹೋಗೋಕೆ ಟ್ಯೂಬಿಂಗನ್‌ನಲ್ಲಿ ರೈಲು ಬದಲಿಸಬೇಕಿತ್ತು. ಕನ್ನಡಕ್ಕೆ ನಿಘಂಟು ಮಾಡಿಕೊಟ್ಟ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಲ್ಲೇ. ಪ್ಲಾಟ್‌ಫಾರ್ಮಿನಲ್ಲಿ ಕಾಯ್ತಾ ನಿಂತಾಗೆಲ್ಲ ಅವರ ನೆನಪು ಬರ್ತಿತ್ತು. ಒಂದೊಂದೇ ಪದ ಕೂಡಿಹಾಕೋ ಕೆಲಸ ಎಷ್ಟು ನಿಧಾನದ್ದು ಅಂತ ನನಗೆ ಆಗ ಗೊತ್ತಾಗಿತ್ತು.

ಇಷ್ಟರ ನಡುವೆ ಮನೆ ನಡೀಬೇಕಲ್ಲ. ಮಗ ಒಂದನೇ ಕ್ಲಾಸು, ಮಗಳು ಮೂರು ವರ್ಷ, ನನಗೆ ಅರ್ಧ ದಿನದ ಕೆಲಸ. ಮಗನನ್ನು ಶಾಲೆ ಮುಗಿದ ಮೇಲೂ ನೋಡಿಕೊಳ್ಳೋ ಕೆರ್ನ್‌ಟ್ಸೈಟ್‌ಗೆ ಸೇರಿಸಿದೆ. ಅವನ ಕ್ಲಾಸಿನ ತಾಯಂದಿರು ವಿಷಯ ಗೊತ್ತಾದ ಮೇಲೆ ಬುಧವಾರ ಬುಧವಾರ ಒಬ್ಬೊಬ್ಬರು ಅಡುಗೆ ತಂದುಕೊಡ್ತಿದ್ದರು. ಈ ಕಡೆಯ ಜನ ಬೇಳೆ ಬೇಯಿಸಿ ಸ್ಪೆಟ್ಸ್‌ಲೆ ಅನ್ನೋ ನೂಡಲ್ಸ್ ಜತೆ ತಿಂತಾರೆ. ನಮಗೋಸ್ಕರ ಮಾಂಸ ಹಾಕದೆ ಮಾಡ್ತಿದ್ದರು. ಅದಕ್ಕೆ ಒಂದು ಚಮಚ ಸಾರಿನ ಪುಡಿ, ತುಪ್ಪ ಹಾಕಿ ಕೊಟ್ಟರೆ ಮಕ್ಕಳು ತಟ್ಟೆ ಖಾಲಿ ಮಾಡ್ತಿದ್ದವು.

ಕೆಳಗಿನ ಮನೆಯಲ್ಲಿ ವಯಸ್ಸಾದ ಒಬ್ಬ ಹೆಂಗಸಿದ್ದರು. ಎಂಟು ವರ್ಷದಲ್ಲಿ ನಮ್ಮ ಜತೆ ಅವರು ಆಡಿದ ಮಾತೆಲ್ಲ ದೂರೇ. ಮಕ್ಕಳು ಓಡ್ತಾರೆ, ಒಗ್ಗರಣೆ ವಾಸನೆ ಮೆಟ್ಟಿಲಿಗೆ ಬರುತ್ತೆ ಅಂತ. ಸ್ಟುಟ್‌ಗಾರ್ಟ್ ಕಡೆ ಕೇರ್‌ವೋಖೆ ಅಂತ ಪದ್ಧತಿ ಇದೆ, ನೀವೂ ನೋಡ್ತೀರಿ. ವಾರಕ್ಕೊಬ್ಬರು ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಹಲಗೆ ನೇತುಹಾಕ್ತಾರೆ. ಆ ಫೆಬ್ರವರಿಯಿಂದ ನಮ್ಮ ಬಾಗಿಲಿಗೆ ಹಲಗೆ ಬರಲೇ ಇಲ್ಲ. ನನಗೆ ಅದು ಗಮನಕ್ಕೇ ಬಂದಿರಲಿಲ್ಲ. ಏಪ್ರಿಲ್‌ನಲ್ಲಿ ಒಂದು ಶನಿವಾರ ರಿಹ್ಯಾಬಿನಿಂದ ಬರುವಾಗ ಅವರು ಮೊಣಕಾಲೂರಿ ನಮ್ಮ ಮಹಡಿಯ ಮೆಟ್ಟಿಲು ಒರೆಸ್ತಿದ್ದರು, ನಮ್ಮ ಸರದಿಯ ಹಲಗೆ ಅವರ ಬಾಗಿಲ ಮೇಲಿತ್ತು. ನಾನು ಏನೂ ಹೇಳೋಕಾಗದೆ ಪಕ್ಕದಲ್ಲಿ ಕೂತೆ. "ನಿಮ್ಮ ಗಂಡ ಹೇಗಿದ್ದಾರೆ" ಅಂತ ಬಟ್ಟೆ ಹಿಂಡ್ತಾ ಕೇಳಿದರು. ಅವರು ಹೋಗಿ ಎರಡು ವರ್ಷ ಆಯ್ತು. ಅವರ ಫೋಟೋ ನಮ್ಮ ದೇವರ ಗೂಡಿನ ಪಕ್ಕದಲ್ಲಿದೆ.

ನನ್ನ ಇನ್ನೊಂದು ತಪ್ಪನ್ನೂ ಹೇಳಿಬಿಡ್ತೀನಿ. ತಿಪಟೂರಿನಲ್ಲಿದ್ದ ನಮ್ಮತ್ತೆಗೆ ಮೂರು ವಾರ ಸುಳ್ಳು ಹೇಳಿದೆ. ಕಂಪನಿ ಕೆಲಸದ ಮೇಲೆ ಹೋಗಿದ್ದಾರೆ, ಅಲ್ಲಿ ನೆಟ್‌ವರ್ಕ್ ಇಲ್ಲ ಅಂತ. ವಯಸ್ಸಾದ ಜೀವ, ತಡೆಯಲ್ಲ ಅನ್ನೋದು ನನ್ನ ಲೆಕ್ಕ. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಮಗ "ಅಜ್ಜಿ, ಅಪ್ಪ ಮಾತಾಡೋದು ಮರೆತುಬಿಟ್ಟಿದ್ದಾರೆ" ಅಂದ. ಅತ್ತೆ ನನ್ನನ್ನು ಬೈಯಲಿಲ್ಲ. "ಮೂರು ವಾರ ಒಬ್ಬಳೇ ಹೊತ್ತೆಯಾ?" ಅಂದರು. ಮೈದುನ ಬೆಂಗಳೂರಿಗೆ ಓಡಾಡಿ ವೀಸಾ ಮಾಡಿಸಿದರು, ಮೇ ತಿಂಗಳಲ್ಲಿ ಅತ್ತೆ ಬಂದರು. 90 ದಿನ, ಅದಕ್ಕಿಂತ ಒಂದು ದಿನ ಹೆಚ್ಚಿಗೆ ಸಿಗಲ್ಲ. ಆಗ ಇವರು ಮನೆಗೆ ಬಂದಿದ್ದರು. ಅತ್ತೆ ದಿನಾ ಬೆಳಗ್ಗೆ ಮಗನ ಎದುರು ಮೊರ ಇಟ್ಟುಕೊಂಡು ಕೂರೋರು. "ಇದೇನು ಮಗ? ಹೆಸರುಬೇಳೆ. ಇದು? ಕಡ್ಲೆ." ನಲವತ್ತೊಂದು ವರ್ಷದ ಮಗನಿಗೆ ಎರಡನೇ ಸಲ ಮಾತು ಕಲಿಸಿದರು. ಪಕ್ಕದಲ್ಲಿ ಕೂತ ನನ್ನ ಮಗಳಿಗೂ ಕನ್ನಡ ಗಟ್ಟಿಯಾದದ್ದು ಆಗಲೇ.

ಇವರು ಹತ್ತು ತಿಂಗಳ ಮೇಲೆ ಕೆಲಸಕ್ಕೆ ಹೋದರು. ಒಂದೇ ಸಲಕ್ಕೆ ಪೂರ್ತಿ ದಿನ ಅಲ್ಲ. ದಿನಕ್ಕೆ ಎರಡು ಗಂಟೆ, ಆಮೇಲೆ ನಾಲ್ಕು, ಹಾಗೆ ಏರಿಸೋ ಕ್ರಮ ಇಲ್ಲಿದೆ, ಹಾಂಬುರ್ಗರ್ ಮೊಡೆಲ್ ಅಂತಾರೆ. ಆ ಅವಧಿಯಲ್ಲೂ ಕ್ರಾಂಕನ್‌ಗೆಲ್ಡ್ ಬರುತ್ತೆ. ಈಗಲೂ ಗದ್ದಲದಲ್ಲಿ, ಸುಸ್ತಾದಾಗ ಪದ ತಪ್ಪುತ್ತೆ. ಮೀಟಿಂಗ್ ಇದ್ದ ದಿನ ಸಂಜೆ ಮಾತೇ ಆಡಲ್ಲ. ನಾವು ಆಡಿಸೋಕೂ ಹೋಗಲ್ಲ. ಪೂರ್ತಿ ಮೊದಲಿನ ಹಾಗೆ ಆಗಿದ್ದಾರೆ ಅಂತ ನಿಮಗೆ ಸುಳ್ಳು ಹೇಳಲಾರೆ.

ಇದಕ್ಕೆಲ್ಲ ಕಾರಣ ಏನಿತ್ತು ಗೊತ್ತಾ? ಬಿಪಿ. ಮಾತ್ರೆ ತಗೋತಿದ್ದರು, ಚೆನ್ನಾಗಿದ್ದೀನಲ್ಲ ಅಂತ ಬಿಟ್ಟರು. ಇಲ್ಲಿಗೆ ಬಂದ ಮೇಲೆ ಹೊಸ ಡಾಕ್ಟರನ್ನು ಹುಡುಕೋಕೆ ಸೋಮಾರಿತನ, ಊರಿಂದ ತಂದ ಮಾತ್ರೆ ಮುಗೀತು, ಅಷ್ಟೇ. ಅದಕ್ಕೇ ನಿಮ್ಮವರ ಬಗ್ಗೆ ನನಗೆ ಆತಂಕ. ಮೂರು ತಿಂಗಳಿಗಾಗುವಷ್ಟು ಮಾತ್ರೆ ಡಾಕ್ಟರ ಚೀಟಿ ಸಮೇತ ತನ್ನಿ, ಚೀಟಿಯಲ್ಲಿ ಕಂಪನಿ ಹೆಸರಲ್ಲ, ಔಷಧದ ಹೆಸರು ಬರೆಸಿ. ಬಂದ ಮೊದಲ ವಾರವೇ ಮನೆ ಹತ್ತಿರ ಹೌಸ್‌ಆರ್ಟ್ಸ್ಟ್, ಅಂದರೆ ಮನೆ ಡಾಕ್ಟರನ್ನು ಗೊತ್ತು ಮಾಡಿಕೊಳ್ಳಿ. ಹೊಸಬರನ್ನು ತಗೊಳ್ಳಲ್ಲ ಅಂತ ಕೆಲವರು ಹೇಳ್ತಾರೆ, ನಾಲ್ಕೈದು ಕಡೆ ಕೇಳಿ. ಬಿಪಿ ನೋಡೋ ಯಂತ್ರ ಊಟದ ಮೇಜಿನ ಮೇಲೇ ಇರಲಿ. ಇನ್ನೊಂದು ವಿಷಯ, ಮನೆಯಲ್ಲಿ ಆರೈಕೆ ಮಾಡೋದಕ್ಕೆ ಸಿಗೋ ಪ್ಲೇಗೆಗೆಲ್ಡ್ ಅನ್ನೋ ಹಣಕ್ಕೆ ಎರಡು ವರ್ಷ ವಿಮೆ ಕಟ್ಟಿರಬೇಕು. ಹೊಸಬರಿಗೆ ಆ ಆಸರೆ ಇರಲ್ಲ. ಅಷ್ಟು ದಿನವಾದರೂ ಸ್ವಲ್ಪ ಉಳಿತಾಯ ಪ್ರತ್ಯೇಕವಾಗಿ ಇಟ್ಟುಕೊಳ್ಳಿ.

ನಿಮ್ಮತ್ತೆಗೆ ನನ್ನ ನಂಬರ್ ಕೊಡಿ, ನಾನೇ ಮಾತಾಡ್ತೀನಿ. ನಮ್ಮತ್ತೆ ಹತ್ತಿರವೂ ಮಾತಾಡಿಸ್ತೀನಿ, ತಿಪಟೂರಿನಿಂದ ದಾವಣಗೆರೆ ಏನು ದೂರ? ಮನೆ ಸಿಕ್ಕ ತಕ್ಷಣ ತಿಳಿಸಿ. ಮೊದಲ ಭಾನುವಾರ ನಮ್ಮಲ್ಲಿಗೇ ತಿಂಡಿಗೆ ಬನ್ನಿ. ಭಾನುವಾರದ ಉಪ್ಪಿಟ್ಟು ಇವರದೇ, ಎಡಗೈಯಲ್ಲಿ ರವೆ ಹುರೀತಾರೆ. ಹೊತ್ತು ಹಿಡಿಯುತ್ತೆ, ಹತ್ತು ಗಂಟೆಗೆ ಬಂದರೆ ಸಾಕು.