ಬುಧವಾರಕ್ಕೊಂದು ಇಳಕಲ್ ಸೀರೆ

ಪ್ರಶ್ನೆ: ಅಕ್ಕಾ, ನನಗೆ 39 ವರ್ಷ. ದಾವಣಗೆರೆಯಲ್ಲಿ ಸರ್ಕಾರಿ ನೌಕರಿ. ತವರು ಇಳಕಲ್. ಅಪ್ಪ ಮಗ್ಗದಲ್ಲಿ ಕೂತರೆ ಅವ್ವ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದಳು. ಮದುವೆಯಾದ ಮೇಲೆ ಅವ್ವ ಒಂದೊಂದಾಗಿ ಏಳು ಇಳಕಲ್ ಸೀರೆ ಕೊಟ್ಟಿದ್ದಾಳೆ. ಎಲ್ಲವೂ ಬೀರುವಿನಲ್ಲೇ ಇವೆ. ಆಫೀಸಿಗೆ ಉಡುವುದು ಬಣ್ಣ ಹೋದ ನಾಲ್ಕೈದು ಸಿಂಥೆಟಿಕ್ ಸೀರೆಗಳನ್ನೇ. ಒಪ್ಪವಾಗಿ ಉಟ್ಟು ಹೋಗಬೇಕು ಅಂತ ಆಸೆಯಿದೆ, ಆದರೆ ಧೈರ್ಯ ಸಾಲದು. ಹೋದ ತಿಂಗಳು ಒಂದು ದಿನ ನವಿಲು ಹಸಿರಿನ, ಚಿಕ್ಕಿಪರಾಸ ಅಂಚಿನ ಇಳಕಲ್ ಉಟ್ಟು ಹೋದೆ. ಒಳಗೆ ಕಾಲಿಟ್ಟ ಕೂಡಲೇ 'ಏನ್ ಮೇಡಂ, ಇವತ್ತು ಯಾವ ಫಂಕ್ಷನ್ನು?' ಅಂದರು ಒಬ್ಬರು. ಮಧ್ಯಾಹ್ನದೊಳಗೆ ಮತ್ತೆ ಮೂವರು ಅದನ್ನೇ ಕೇಳಿದರು. ನಾಚಿಕೆಯಾಗಿ, ಸಂಜೆ ನೆಂಟರ ಮನೆ ಗೃಹಪ್ರವೇಶ ಇದೆ ಅಂತ ಸುಳ್ಳು ಹೇಳಿದೆ. ಇಡೀ ದಿನ ಸೆರಗು, ರವಿಕೆ ಎಳೆದುಕೊಳ್ಳುವುದೇ ಆಯಿತು. ಮನೆಗೆ ಬಂದಾಗ ಮಗಳು ಚೆಂದ ಕಾಣ್ತೀಯ ಅಂದಳು. ಅತ್ತೆ ಮಾತ್ರ 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ದಿನಾ ಇಂಥದ್ದು ಉಟ್ಟರೆ ಜನ ಶೋಕಿ ಅಂತಾರೆ' ಅಂದರು. ಅವ್ವ ಕೂಡ ಜೀವಮಾನವೆಲ್ಲ ಅಗ್ಗದ ಮಿಲ್ ಸೀರೆಯನ್ನೇ ಉಟ್ಟವಳು. ನಾನು ಮಾಡುತ್ತಿರುವುದು ಶೋಕಿಯಾ?

ಉತ್ತರ:

ತಂಗೀ,

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಸಂಕಟವಾಗಿದ್ದು ಆ ಗೃಹಪ್ರವೇಶದ ಸುಳ್ಳಿನ ಹತ್ತಿರ. ನಿಮ್ಮದೇ ಸೀರೆ, ನಿಮ್ಮ ಅವ್ವ ಕೊಟ್ಟದ್ದು. ಅದನ್ನು ಉಡುವುದಕ್ಕೆ ಇನ್ಯಾರದೋ ಮನೆಯಲ್ಲಿ ಹಾಲು ಉಕ್ಕಬೇಕಾಯಿತಲ್ಲ! ನೀವು ಮಾಡಿದ್ದು ತಪ್ಪು ಅಂತ ಹೇಳುತ್ತಿಲ್ಲ. ನಾಲ್ಕು ಜನ ಒಟ್ಟಿಗೆ ತಿರುಗಿ ನೋಡಿದರೆ ಬಾಯಿಗೆ ಬಂದದ್ದು ಹೇಳಿಬಿಡುತ್ತೇವೆ. ಆದರೆ ಆ ಸುಳ್ಳು ಹೇಳಿದ್ದರಿಂದ, ಕಾರಣವಿಲ್ಲದೆ ಚೆನ್ನಾಗಿ ಉಡಬಾರದು ಅನ್ನುವ ಮಾತನ್ನು ನೀವೇ ಒಪ್ಪಿಕೊಂಡ ಹಾಗಾಯಿತು. ಮಾರನೇ ದಿನ ಹಳೇ ಸೀರೆಗೆ ವಾಪಸು ಹೋಗಲೇಬೇಕಾಯಿತು.

ಆ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಿ. 'ಯಾವ ಫಂಕ್ಷನ್ನು' ಅಂದವರು ನಿಮ್ಮನ್ನು ಹಂಗಿಸಲಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. ವರ್ಷಗಟ್ಟಲೆ ಒಂದೇ ಥರ ನೋಡಿದ ಕಣ್ಣಿಗೆ ಬೇರೆ ಕಂಡಿತು, ಕೇಳಿದರು. ಹೊಸದಾಗಿ ಕನ್ನಡಕ ಹಾಕಿಕೊಂಡು ಹೋದ ದಿನ ಎಲ್ಲರೂ ಕೇಳುತ್ತಾರೆ. ಎರಡು ವಾರ ಕಳೆದರೆ ಆ ಕನ್ನಡಕ ಮುಖದ ಮೇಲಿದೆ ಅನ್ನುವುದೇ ಯಾರಿಗೂ ನೆನಪಿರುವುದಿಲ್ಲ. ಸೀರೆಗೂ ಅಷ್ಟೇ. ನೀವು ಮೊದಲನೇ ದಿನಕ್ಕೇ ನಿಲ್ಲಿಸಿಬಿಟ್ಟಿರಿ. ಹಾಗಾಗಿ ಆಫೀಸಿನವರ ಮಟ್ಟಿಗೆ ಅದು ಇವತ್ತಿಗೂ ಗೃಹಪ್ರವೇಶದ ಸೀರೆಯಾಗಿಯೇ ಉಳಿದಿದೆ.

ಮುಂದಿನ ಸಲ ಯಾರಾದರೂ ಕೇಳಿದರೆ 'ಏನಿಲ್ಲ, ಸುಮ್ನೆ ಉಟ್ಟೆ' ಅನ್ನಿ. ಅಷ್ಟು ಸಾಕು. ನಕ್ಕು ಹೇಳಿ, ಕೈಯಲ್ಲಿರುವ ಫೈಲು ಬಿಚ್ಚಿ. 'ಹಳೇದು ಕಣ್ರೀ', 'ಬೇರೆ ಯಾವುದೂ ಒಗೆದಿರಲಿಲ್ಲ' ಅಂತ ಸೀರೆಯ ಬೆಲೆ ನೀವೇ ಇಳಿಸಲು ಹೋಗಬೇಡಿ. ಯಾರಾದರೂ ಚೆನ್ನಾಗಿದೆ ಅಂದರೆ, 'ನಮ್ಮವ್ವ ಕೊಟ್ಟಿದ್ದು' ಅನ್ನಿ. ಈ ಉತ್ತರವನ್ನು ಮನೆಯಲ್ಲಿ ಎರಡು ಸಲ ಬಾಯಿಬಿಟ್ಟು ಹೇಳಿ ನೋಡಿ. ಹೊರಡುವಾಗ ಬಾಯಿಗೆ ಸಲೀಸಾಗಿ ಬರುತ್ತದೆ.

ಇನ್ನು ಶೋಕಿಯ ಮಾತು. ಸಾಲ ಮಾಡಿ ಉಡುವುದು, ಇಲ್ಲದ ಸಿರಿ ತೋರಿಸುವುದು, ಇನ್ನೊಬ್ಬರನ್ನು ಚಿಕ್ಕವರನ್ನಾಗಿ ಮಾಡಲು ಉಡುವುದು, ಇದಕ್ಕೆ ಶೋಕಿ ಅನ್ನಬಹುದು. ನೀವು ಇದರಲ್ಲಿ ಯಾವುದನ್ನೂ ಮಾಡಿಲ್ಲ. ಮನೆಯಲ್ಲಿ ಇದ್ದದ್ದನ್ನು ಮೈಮೇಲೆ ಹಾಕಿಕೊಂಡಿದ್ದೀರಿ.

ಅದೂ ಇಳಕಲ್ ಸೀರೆ! ಅದು ಫಂಕ್ಷನ್ನಿನ ಸೀರೆಯಾಗಿದ್ದು ಈಚೆಗೆ. ಬಿಜಾಪುರ, ಬಾಗಲಕೋಟೆ, ಧಾರವಾಡದ ಕಡೆ, ಗಡಿ ದಾಟಿ ಮಹಾರಾಷ್ಟ್ರದಲ್ಲೂ ಹೆಣ್ಣುಮಕ್ಕಳು ಇದನ್ನೇ ಕಚ್ಚೆ ಹಾಕಿ ಉಟ್ಟು ಹೊಲಕ್ಕೆ ಹೋಗುತ್ತಿದ್ದರು, ರೊಟ್ಟಿ ಬಡಿಯುತ್ತಿದ್ದರು, ಸಂತೆ ಮಾಡುತ್ತಿದ್ದರು. ಒಡಲು ಹತ್ತಿಯದು, ಬೆವರು ಹೀರುತ್ತದೆ, ಗಟ್ಟಿ ಬಾಳಿಕೆ. ಆಮೇಲೆ ಕಡಿಮೆ ಬೆಲೆಗೆ ಮಿಲ್ ಸೀರೆ, ಸಿಂಥೆಟಿಕ್ ಸೀರೆ ಸಿಗತೊಡಗಿತು. ಕೈಮಗ್ಗದ್ದು ಪೆಟ್ಟಿಗೆ ಸೇರಿತು. ದಿನಾ ಉಟ್ಟರೆ ದೌಲತ್ತು ಅನ್ನುವ ಮಾತು ಹುಟ್ಟಿದ್ದು ಹಾಗೆ. ನಿಮ್ಮ ಮುತ್ತಜ್ಜಿ ಇದ್ದಿದ್ದರೆ ನಿಮ್ಮ ಆಫೀಸಿನವರ ಪ್ರಶ್ನೆಯೇ ಅವರಿಗೆ ಅರ್ಥವಾಗುತ್ತಿರಲಿಲ್ಲ.

ಅವ್ವನ ವಿಷಯ ನೀವು ಕೊನೆಯಲ್ಲಿ ಒಂದೇ ಸಾಲಲ್ಲಿ ಬರೆದಿದ್ದೀರಿ. ನನಗೆ ಕಾಣುವಂತೆ ನಿಜವಾದ ಅಳುಕು ಇರುವುದು ಅಲ್ಲಿ. ನೇಯ್ಗೆಗೆ ಕೈಜೋಡಿಸಿದ ಅವ್ವನೇ ಉಡಲಿಲ್ಲ, ನಾನು ದಿನಾ ಉಡಬೇಕಾ ಅನ್ನುವುದು. ಇಳಕಲ್ ಸೀರೆಯ ಸೆರಗಿನ ಹಾಸು, ಅಂದರೆ ಮಗ್ಗದ ಉದ್ದದ ಎಳೆಗಳು, ಬೇರೆ, ಒಡಲಿನ ಹಾಸು ಬೇರೆ ಅನ್ನುವುದು ನಿಮಗೆ ಗೊತ್ತು. ಕೆಂಪು ಸೆರಗಿನ ಎಳೆಗಳನ್ನು ಹಸಿರು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸಬೇಕು. ಒಂದೊಂದೇ ಎಳೆ, ಕೈಯಿಂದಲೇ. ಆಮೇಲೆ ಆ ಸೆರಗಿನ ಟೋಪತೆನಿ, ಕೆಂಪಿನ ನಡುವೆ ಬಿಳಿ ಬಣ್ಣದಲ್ಲಿ ಸಾಲಾಗಿ ನಿಂತ ಜೋಳದ ತೆನೆಗಳು. ಆ ಮನೆಯಲ್ಲಿ ಕಂಡಿಕೆ ಸುತ್ತಿದ ಕೈ, ಇದು ಬೀರುವಿನಲ್ಲಿ ಇರಲಿ ಅಂತ ಏಳು ಸೀರೆ ಕೊಟ್ಟಿತಾ? ತನಗೆ ಆಗದ್ದು ಮಗಳಿಗಾಗಲಿ ಅಂತ ಕೊಟ್ಟಿದ್ದಾರೆ. ಒಂದು ಸಲ ಫೋನ್ ಮಾಡಿ ಕೇಳಿಬಿಡಿ: 'ಅವ್ವಾ, ಆಫೀಸಿಗೆ ಉಡಲಾ?' ಅವರ ಉತ್ತರ ಏನಿರುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನನ್ನ ತಾಯಿಯ ಧಾರೆ ಸೀರೆ ಟ್ರಂಕಿನಲ್ಲಿತ್ತು. ಹಳೇ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಇಟ್ಟಿದ್ದರು. ಒಳ್ಳೇ ದಿನ ಬರಲಿ, ಉಡೋಣ ಅನ್ನುತ್ತಿದ್ದರು. ಅವರು ಹೋದ ಮೇಲೆ ಬಿಚ್ಚಿದೆ. ಮಡಿಕೆ ಇದ್ದ ಕಡೆಯೆಲ್ಲ ರೇಷ್ಮೆ ಸೀಳಿಕೊಂಡಿತ್ತು. ಜರಿ ಕಪ್ಪಾಗಿತ್ತು. ಎರಡು ಕೈಯಲ್ಲಿ ಎತ್ತಿ ಹಿಡಿದರೆ ಉದ್ದಕ್ಕೂ ಹರಿದುಹೋಯಿತು. ಧಾರೆಯ ದಿನ ಬಿಟ್ಟರೆ ಮತ್ತೆ ಬೆವರು ಕಾಣದೆ, ಮಡಚಿದಲ್ಲೇ ಹಾಳಾದ ಸೀರೆ. ಅವತ್ತು ನೆಲದ ಮೇಲೆ ಕೂತು ತುಂಬಾ ಅತ್ತಿದ್ದೆ. ನಿಮ್ಮ ಬೀರುವಿನಲ್ಲಿರುವ ಸೀರೆಗಳ ಸೆರಗು ರೇಷ್ಮೆಯದಾಗಿದ್ದರೆ ಈ ವಾರವೇ ತೆಗೆದು, ಗಾಳಿಗೆ ಹಾಕಿ, ಬೇರೆ ಮಡಿಕೆಗೆ ಮಡಚಿಡಿ. ಉಡುವುದು ಬಿಡುವುದು ಆಮೇಲೆ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಇಡೀ ದಿನ ಸೆರಗು, ರವಿಕೆ ಎಳೆದುಕೊಂಡೆ ಅಂದಿರಲ್ಲ, ಅದು ಪೂರ್ತಿ ನಾಚಿಕೆಯಿಂದಲೇ ಅಂತ ನನಗನ್ನಿಸುವುದಿಲ್ಲ. ರವಿಕೆ ಯಾವ ಕಾಲದ್ದು ನೋಡಿ. ಎಷ್ಟೋ ಹೆಂಗಸರು ಹತ್ತು ವರ್ಷದ ಹಿಂದಿನ ಅಳತೆಯ ರವಿಕೆ ಹಾಕಿಕೊಂಡು, ತೋಳು ಬಿಗಿ, ಕಂಕುಳು ಎಳೆತ, ಇದಕ್ಕೆಲ್ಲ ತಮ್ಮ ಮೈಯೇ ಕಾರಣ ಅಂದುಕೊಳ್ಳುತ್ತಾರೆ. ಮೈಯದು ಏನೂ ತಪ್ಪಿಲ್ಲ. ರವಿಕೆ ಹಳೆಯದಾಗಿದೆ, ಅಷ್ಟೇ. ಹೊಸದಾಗಿ ಎರಡು ಹೊಲಿಸಿ. ಒಂದು ಗುಳೇದಗುಡ್ಡದ ಖಣದ್ದು, ಎರಡು ಮೂರು ಸೀರೆಗಾದರೂ ಹೊಂದುತ್ತದೆ. ಇನ್ನೊಂದು ಸಾದಾ ಹತ್ತಿಯದು, ಮೊಣಕೈ ಹತ್ತಿರದವರೆಗೆ ತೋಳಿರಲಿ. ಹಳೇ ಅಳತೆ ರವಿಕೆ ಕೊಟ್ಟು ಬರಬೇಡಿ, ಮೈ ಅಳತೆಯನ್ನೇ ಕೊಡಿ. ಹೊಲಿದದ್ದನ್ನು ಟೈಲರ್ ಹತ್ತಿರವೇ ಹಾಕಿ ನೋಡಿ, ಮೇಲಿನ ರ‍್ಯಾಕಿನಿಂದ ಫೈಲು ತೆಗೆಯುವ ಹಾಗೆ ಕೈ ಎತ್ತಿ. ರವಿಕೆ ಮೇಲಕ್ಕೆ ಸರಿದರೆ ಅಲ್ಲೇ ಬಿಚ್ಚಿ ಸರಿಮಾಡಿಸಿ. ಇದಕ್ಕೆ ಸಂಕೋಚ ಬೇಡ.

ಸೀರೆಗೆ ಫಾಲ್ ಹಚ್ಚಿಸಿದ್ದರೆ ಸರಿ. ಇಲ್ಲದಿದ್ದರೆ ಹಚ್ಚಿಸಿ, ನೆರಿಗೆ ಕೂರುತ್ತದೆ. ಲಂಗದ ಉದ್ದ ನೋಡಿಕೊಳ್ಳಿ. ಸೆರಗನ್ನು ಮಡಿಕೆ ಮಾಡಿ ಭುಜದ ಮೇಲೆ ಒಂದು ಪಿನ್ನು ಹಾಕಿದರೆ ಎರಡೂ ಕೈ ಖಾಲಿ. ಸಂಜೆಯವರೆಗೂ ಅದರ ಕಡೆ ಗಮನ ಕೊಡಬೇಕಾಗಿಲ್ಲ. ಮೊದಲ ಸಲ ಒಂದು ಭಾನುವಾರ ಮನೆಯಲ್ಲೇ ಉಟ್ಟುಕೊಂಡು ಎರಡು ಗಂಟೆ ಓಡಾಡಿ. ಗಾಡಿ ಓಡಿಸುವವರಾದರೆ ಅದನ್ನೂ ಒಂದು ಸುತ್ತು ಓಡಿಸಿ. ಎಲ್ಲಿ ಸಡಿಲ, ಎಲ್ಲಿ ಎಡವುತ್ತದೆ ಅಂತ ಗೊತ್ತಾಗುತ್ತದೆ. ಗಂಜಿ, ಒಗೆತ, ಕೆಂಪು ಸೆರಗು ಬಣ್ಣ ಬಿಡುವುದು, ಇದನ್ನೆಲ್ಲ ನೇಕಾರರ ಮನೆಯ ಮಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಇಳಕಲ್ ಉಡದ ದಿನಗಳ ಬಟ್ಟೆಯನ್ನೂ ಮರೆಯಬೇಡಿ. ದಿನಾ ಇಳಕಲ್ ಉಡಲೇಬೇಕು ಅಂತೇನಿಲ್ಲ. ಆದರೆ ಬಣ್ಣ ಹೋದ ಆ ಸಿಂಥೆಟಿಕ್ ಸೀರೆಗಳಲ್ಲಿ ತೀರಾ ಹಳೆಯ ಎರಡನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಕಣ್ಣೆದುರು ಇದ್ದರೆ ಬೆಳಗಿನ ಗಡಿಬಿಡಿಯಲ್ಲಿ ಕೈ ಅದಕ್ಕೇ ಹೋಗುತ್ತದೆ. ಉಳಿದದ್ದಕ್ಕೆ ಇಸ್ತ್ರಿ ಮಾಡಿಸಿ. ಉಂಗುಷ್ಠ ಸವೆದ ಚಪ್ಪಲಿ ಇದ್ದರೆ ಬದಲಾಯಿಸಿ. ಅಂದಹಾಗೆ ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಮೈಗೆ ಅಂಟುವ ಸಿಂಥೆಟಿಕ್‌ಗಿಂತ ಹತ್ತಿ ಎಷ್ಟೋ ವಾಸಿ ಅಲ್ವಾ? ಅದೂ ಒಂದು ಕಾರಣ ಅಂತ ಇಟ್ಟುಕೊಳ್ಳಿ.

ವಾರಕ್ಕೆ ಒಂದೇ ದಿನ ಶುರುಮಾಡಿ. ಶುಕ್ರವಾರ ಮಾತ್ರ ಬೇಡ. ಶುಕ್ರವಾರ ಉಟ್ಟರೆ ಎಲ್ಲರೂ ಪೂಜೆ ಅಂದುಕೊಳ್ಳುತ್ತಾರೆ, ನೀವೂ ಹೌದು ಅಂದುಬಿಡುತ್ತೀರಿ, ಮತ್ತೆ ಅದೇ ಗೃಹಪ್ರವೇಶದ ಕಥೆ. ಹಬ್ಬವಿಲ್ಲದ, ವ್ರತವಿಲ್ಲದ, ಸುಮ್ಮನೆ ಬರುವ ಬುಧವಾರ ಒಳ್ಳೆಯದು. ನಾಲ್ಕು ಬುಧವಾರ ಬಿಡದೆ ಉಡಿ. ಮೊದಲನೇ ಸಲ ಕೇಳುತ್ತಾರೆ, ಎರಡನೇ ಸಲವೂ ಕೇಳಬಹುದು. ಅಷ್ಟರಲ್ಲಿ ಪಕ್ಕದ ಮೇಜಿನವರು ಇದು ಎಲ್ಲಿ ಸಿಗುತ್ತದೆ, ನಮಗೂ ಒಂದು ತರಿಸಿಕೊಡಿ ಅಂದರೆ ಆಶ್ಚರ್ಯಪಡಬೇಡಿ.

ಅತ್ತೆಯವರ ಜೊತೆ ವಾದ ಬೇಡ. ಅವರು ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳಿರಬಹುದು. ಅವರ ಕಾಲದಲ್ಲಿ ಎದ್ದು ಕಂಡ ಸೊಸೆಯನ್ನು ಜನ ಸುಮ್ಮನೆ ಬಿಡುತ್ತಿರಲಿಲ್ಲ. ಒಂದು ದಿನ ಅವರಿಗೂ ಒಂದು ಸೀರೆ ತೆಗೆದುಕೊಟ್ಟು, ಉಡಿ ಅತ್ತೆ ಅನ್ನಿ. ನೋಟ ಪರರಿಚ್ಛೆ ಅನ್ನುವ ಅವರ ಗಾದೆಯನ್ನೂ ಒಪ್ಪೋಣ. ಆದರೆ ನೋಡುವವರು ಆಫೀಸಿನ ನಾಲ್ಕು ಜನ ಮಾತ್ರವೇ? ಬಾಗಿಲಲ್ಲೇ ನಿಮ್ಮನ್ನು ನೋಡಿ ಚೆಂದ ಕಾಣ್ತೀಯ ಅಂದವಳೂ ನೋಡಿದವಳೇ. ಅವಳ ಮಾತನ್ನು ನೀವು ಬರೆದಿರಿ, ಆದರೆ ಅಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ.

ಈ ಮಂಗಳವಾರ ರಾತ್ರಿ ಏಳೂ ಸೀರೆಗಳನ್ನು ಮಂಚದ ಮೇಲೆ ಹರಡಿ. ನಾಳೆ ಯಾವುದು ಉಡಲಿ ಅಂತ ಅವಳನ್ನೇ ಕೇಳಿ.