ಮೂರನೇ ಕೀಮೋಗೆ ಹೋಗು ತಮ್ಮಾ

ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಯಿತು, ಊರಲ್ಲಿ ಅವ್ವನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿದೆ, ಕೆಲಸ ಬಿಟ್ಟು ಕಾರಟಗಿಗೆ ಹೋಗಿಬಿಡಲಾ ಅಂತ ಕೇಳಿದ್ದೀಯ. ನಾನು ಗಂಗಾವತಿಯವಳು. ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ನನ್ನ ಅವ್ವನಿಗೂ ಇದೇ ಕಾಯಿಲೆ ಬಂದಿತ್ತು.

ಕೆಲಸ ಬಿಡಬೇಡ. ಇವತ್ತೇ ಹೊರಡಲೂ ಬೇಡ.

ನಾನು ಸುದ್ದಿ ಕೇಳಿದ ಮರುದಿನವೇ ಓಡಿದ್ದೆ. ಮನೆ ತುಂಬಾ ಜನ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನಿಂದ ರೊಟ್ಟಿ ಬರುತ್ತವಲ್ಲ, ಹಾಗೆ ಓಣಿಯ ಮನೆಮನೆಯಿಂದ ರೊಟ್ಟಿ ಬರುತ್ತಿತ್ತು. ನನಗೆ ಮಾಡಲು ಕೆಲಸವೇ ಇರಲಿಲ್ಲ. ರಿಪೋರ್ಟ್ ಕಾಯುವುದರಲ್ಲೇ ರಜೆ ಮುಗಿಯಿತು. ಮೂರನೇ ಕೀಮೋ ಹೊತ್ತಿಗೆ ಬರುವವರು ಕಡಿಮೆಯಾದರು. ಅವ್ವನ ಕೂದಲು ಹೋಗಿತ್ತು, ಬಾಯಿ ರುಚಿ ಕೆಟ್ಟಿತ್ತು. ‘ನೀ ಇದ್ದಿದ್ರ ಎರಡು ತುತ್ತು ಹೆಚ್ಚು ತಿಂತಿದ್ನವ್ವಾ’ ಅಂದಳು ಫೋನಿನಲ್ಲಿ. ಆಗ ನನ್ನ ಹತ್ತಿರ ಒಂದು ದಿನದ ರಜೆಯೂ ಉಳಿದಿರಲಿಲ್ಲ.

ಪೂರ್ಣಾವಧಿ ಕೆಲಸಕ್ಕೆ ಇಲ್ಲಿ ವರ್ಷಕ್ಕೆ ಕನಿಷ್ಠ 28 ದಿನ ಸಂಬಳದ ರಜೆ ಸಿಗುತ್ತದೆ. ಸರ್ಕಾರಿ ರಜೆಗಳನ್ನೂ ಅದರಲ್ಲೇ ಸೇರಿಸಬಹುದು. ನಿನ್ನದು ಕೆಲಸದ ವೀಸಾ ಆದರೆ, ಸಂಬಳವಿಲ್ಲದ ರಜೆ ವರ್ಷಕ್ಕೆ ನಾಲ್ಕು ವಾರ ದಾಟಿದರೆ ತೊಂದರೆಯಾಗಬಹುದು. ಮ್ಯಾನೇಜರ್ ಹತ್ತಿರ ಇದ್ದದ್ದನ್ನು ಇದ್ದ ಹಾಗೆ ಹೇಳು, ಈಗಲೇ.

ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಹೊಲ ಮಾರುವ ಮಾತು ಆಮೇಲೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಇದೆ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ಮುಕ್ಕಾಲು ಪಾಲು. ಅದಕ್ಕೆ ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ಕಿದ್ವಾಯಿಯ ಒಂದು ಕೇಂದ್ರ ಕಲಬುರಗಿಯಲ್ಲೂ ಇದೆ. ಯಾವ ಚಿಕಿತ್ಸೆ ಅಲ್ಲೇ ಆಗುತ್ತದೆ ಅಂತ ಡಾಕ್ಟರನ್ನು ಕೇಳಲಿ.

ಜನ ಇದ್ದಾರಲ್ವಾ, ಅವರನ್ನು ಸುಮ್ನೆ ಬಿಡಬೇಡ. ನಮ್ಮ ಪಕ್ಕದ ಮನೆಯ ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಹೆಸರು ಬರೆದಳು. ಈ ಸಲ ಬೆಂಗಳೂರಿಗೆ ಜೊತೆ ಹೋಗುವವರು ಯಾರು, ಎಮ್ಮೆ ಹಾಲು ಕರೆಯುವವರು ಯಾರು, ಅಪ್ಪನಿಗೆ ಊಟ ಕೊಡುವವರು ಯಾರು. ರಕ್ತ ಬೇಕಾದರೆ ಇರಲಿ ಅಂತ ನಾಲ್ಕು ಹುಡುಗರ ನಂಬರ್ ಕೂಡ. ಪಕ್ಕದಲ್ಲೇ ಸಣ್ಣಗೆ ಕೆಂಪು ಗೆರೆ. ಕೀಮೋ ಆದ ಏಳನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಬಿಳಿ ರಕ್ತಕಣ ತುಂಬಾ ಇಳಿಯುತ್ತವೆ, ಸೋಂಕು ಬೇಗ ತಗಲುತ್ತದೆ. ಆ ದಿನಗಳಲ್ಲಿ ಅಕ್ಕ ಕಟ್ಟೆಯ ಮೇಲೆ ಕುಳಿತು, ನೋಡಲು ಬಂದವರನ್ನು ಅಲ್ಲೇ ಮಾತಾಡಿಸಿ ಕಳಿಸುತ್ತಿದ್ದಳು. ಕೆಲವರಿಗೆ ಬೇಜಾರಾಯಿತು. ಆದರೂ ಅವಳು ಬಿಡಲಿಲ್ಲ. ಅವಳಿಗೆ ನಾನು ಏನು ಕೊಟ್ಟರೂ ಕಡಿಮೆಯೇ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇದನ್ನು ಎಲ್ಲರಿಗೂ ಹೇಳಿಡು.

ದಿನಾ ಒಂದೇ ಹೊತ್ತಿಗೆ ಫೋನ್ ಮಾಡು. ಅಲ್ಲಿ ರಾತ್ರಿ ಎಂಟು ಅಂದರೆ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ ಮೂರೂವರೆ. ಕಾಯಿಲೆ ಮಾತು ಕಡಿಮೆ ಆಡು. ಕಾಲುವೆಗೆ ನೀರು ಬಿಟ್ಟರಾ, ನಾಟಿ ಆಯಿತಾ ಅಂತ ಕೇಳು.

ಕೀಮೋ ತಾರೀಖು ಗೊತ್ತಾದ ಮೇಲೆ ತಿಳಿಸು, ಟಿಕೆಟ್ ಕೂತು ನೋಡೋಣ. ಅಲ್ಲಿಯವರೆಗೆ ರೂಮಿನಲ್ಲಿ ಒಬ್ಬನೇ ಕೂತಿರಬೇಡ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಾ. ಜೋಳದ ಹಿಟ್ಟು ಇದೆ, ರೊಟ್ಟಿ ಬಡಿಯುತ್ತೇನೆ.