ಕಿಟಕಿಗೆ ಗಾಜು ಹಾಕಿದ ಊರಿಗೆ ಬರುವವರಿಗೆ

ಜನವರಿಯಲ್ಲಿ ಸ್ಯಾನ್ ಹೋಸೆಗೆ ಕೆಲಸಕ್ಕೆ ಬರುತ್ತಿದ್ದೀರೆಂದು ಬರೆದಿದ್ದೀರಿ. ಸಲಿಂಗಿಗಳು ಕಲೆಯುವ ಜಾಗಗಳು ಇಲ್ಲಿ ಯಾವುವು, ಅಲ್ಲಿ ನಮ್ಮ ಕಡೆಯವರು ಇರುತ್ತಾರೆಯೇ, ಇದ್ದರೆ ಸುದ್ದಿ ಊರಿಗೆ ಮುಟ್ಟೀತೇ ಎಂದು ಕೇಳಿದ್ದೀರಿ. ಬಾಡಿಗೆಯನ್ನೂ ವಿಚಾರಿಸಿದ್ದೀರಿ, ಅದು ದುಬಾರಿ, ಮೊದಲ ವರ್ಷ ಯಾರೊಡನಾದರೂ ಮನೆ ಹಂಚಿಕೊಳ್ಳಿ, ಉಳಿದದ್ದನ್ನು ನಿಮ್ಮ ಕಚೇರಿಯ ಹುಡುಗರೇ ಹೇಳುತ್ತಾರೆ.

ನಾನು ಬಂದದ್ದು 1989ರಲ್ಲಿ. ಸಲಿಂಗಿಗಳನ್ನು ದೇಶದೊಳಕ್ಕೆ ಬಿಡದಿರಲು ಅಮೆರಿಕದ ಕಾನೂನಿನಲ್ಲಿ ಆಗಿನ್ನೂ ಅವಕಾಶವಿತ್ತು. ಅದು ಹೋದದ್ದು 1990ರ ವಲಸೆ ಕಾಯ್ದೆಯಿಂದ. ಹಾಗಾಗಿ ವಿಮಾನ ನಿಲ್ದಾಣದ ಅಧಿಕಾರಿಗೆ ನನ್ನ ಮುಖ ನೋಡಿದರೇ ಗೊತ್ತಾಗಿಬಿಡುತ್ತದೆಯೇನೋ ಎಂಬ ಅಳುಕಿನಲ್ಲೇ ನಾನು ಸಾಲಿನಲ್ಲಿ ನಿಂತಿದ್ದೆ. ಎರಡು ತಿಂಗಳ ಬಳಿಕ ರೈಲು ಹತ್ತಿ ಸಲಿಂಗಿಗಳ ನೆಲೆಯೆಂದು ಹೆಸರಾದ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಸ್ಟ್ರೊ ಬೀದಿಗೆ ಹೋದವನು, ಮೂಲೆಯಲ್ಲಿರುವ ಟ್ವಿನ್ ಪೀಕ್ಸ್ ಎಂಬ ಬಾರಿನ ಎದುರು ರಸ್ತೆಯ ಈಚೆ ಬದಿಯಲ್ಲೇ ಒಂದು ಗಂಟೆ ನಿಂತು ಹಿಂದಿರುಗಿದೆ. ನೆಲದಿಂದ ಮೇಲಿನವರೆಗೂ ಗಾಜಿನ ಕಿಟಕಿ; ಒಳಗೆ ಕೂತವರು ಬೀದಿಗೆಲ್ಲ ಕಾಣುತ್ತಿದ್ದರು.

ಆ ಗಾಜಿನ ಬೆಲೆ ನನಗೆ ತಿಳಿದದ್ದು ತಡವಾಗಿ. ಅದಕ್ಕೆ ಮುಂಚೆ ಇಂಥ ಬಾರುಗಳು ಹೊರಗಿನವರಿಗೆ ಒಳಗು ಕಾಣದಂತೆ ಕಿಟಕಿ ಮುಚ್ಚಿಕೊಂಡೇ ಬದುಕಿದ್ದವು, ಏಕೆಂದರೆ ಪೊಲೀಸರು ನುಗ್ಗಿ ಹಿಡಿದರೆ ಹೆಸರು ಪತ್ರಿಕೆಯಲ್ಲಿ ಬಂದು ಕೆಲಸವೂ ಮನೆಯೂ ಹೋಗಬಹುದಿತ್ತು. ಗಿರಾಕಿಗಳು ಸಲಿಂಗಿಗಳೆಂಬ ಕಾರಣಕ್ಕಷ್ಟೇ ಸ್ಯಾನ್ ಫ್ರಾನ್ಸಿಸ್ಕೊದ ಬ್ಲ್ಯಾಕ್ ಕ್ಯಾಟ್ ಎಂಬ ಬಾರಿನ ಪರವಾನಗಿ ಕಸಿಯುವಂತಿಲ್ಲವೆಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1951ರಲ್ಲೇ ತೀರ್ಪಿತ್ತರೂ, ಕಿರುಕುಳ ನಿಲ್ಲದೆ 1963ರಲ್ಲಿ ಆ ಪರವಾನಗಿ ಹೋಗಿಯೇ ಹೋಯಿತು. ಅಲ್ಲಿ ಹಾಡುತ್ತಿದ್ದ, ತಾವು ಸಲಿಂಗಿಯೆಂಬುದನ್ನು ಮುಚ್ಚಿಡದ ಹೋಸೆ ಸರಿಯಾ 1961ರಲ್ಲಿ ನಗರಸಭೆಯ ಚುನಾವಣೆಗೆ ನಿಂತು ಸೋತರೂ ಐದು ಸಾವಿರಕ್ಕೂ ಮಿಕ್ಕಿ ಮತ ಪಡೆದಿದ್ದರು. 1966ರಲ್ಲಿ ಸಲಿಂಗಿಗಳ ಒಂದು ಸಂಘ ಅದೇ ನಗರದ ಸಿಕ್ಸ್ತ್ ಬೀದಿಯಲ್ಲಿ ಸಮುದಾಯ ಕೇಂದ್ರವನ್ನೇ ತೆರೆಯಿತು. ಟ್ವಿನ್ ಪೀಕ್ಸನ್ನು 1972ರಲ್ಲಿ ಕೊಂಡ ಇಬ್ಬರು ಹೆಂಗಸರು ಕಿಟಕಿಯನ್ನು ತೆರೆದಿಟ್ಟದ್ದು ಇಷ್ಟೆಲ್ಲ ನಡೆದ ಮೇಲೆ. ನಿಮಗೆ ಹತ್ತಿರದ್ದು ಸ್ಯಾನ್ ಹೋಸೆಯ ಬಿಲ್ಲಿ ಡಿಫ್ರ್ಯಾಂಕ್ ಎಂಬ ಇಂಥದೇ ಸಮುದಾಯ ಕೇಂದ್ರ, 1981ರದು. ಕುಡಿಯದವರಿಗೆ ಅದೇ ವಾಸಿ.

ನಮ್ಮ ಕಡೆಯವರ ವಿಷಯಕ್ಕೆ ಬರುತ್ತೇನೆ. ಅರವಿಂದ್ ಕುಮಾರ್ ಮತ್ತು ಸುವೀರ್ ದಾಸ್ 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಇದೇ ಕೊಲ್ಲಿ ಪ್ರದೇಶದಲ್ಲಿ ದೇಸಿ ಸಲಿಂಗಿಗಳಿಗಾಗಿ ಟ್ರೈಕೋನ್ ಎಂಬ ಗುಂಪು ಕಟ್ಟಿ, ಒಂದು ಸಣ್ಣ ಪತ್ರಿಕೆಯನ್ನೂ ಹೊರಡಿಸಿದರು. ಹೆಸರು ನಮ್ಮ ತ್ರಿಕೋನವೇ. ನಾಜಿ ಶಿಬಿರಗಳಲ್ಲಿ ಸಲಿಂಗಿ ಗಂಡಸರ ಎದೆಗೆ ಹೊಲಿದಿದ್ದ ಗುಲಾಬಿ ತ್ರಿಕೋನವನ್ನು ಮುಂದೆ ಸಮುದಾಯವೇ ತನ್ನ ಗುರುತಾಗಿ ಎತ್ತಿಕೊಂಡಿತ್ತು. ಬೆಂಗಳೂರಿನಲ್ಲಿ ಗುಡ್ ಆಸ್ ಯೂ ಎಂಬ ಸಲಿಂಗಿಗಳ ಗುಂಪು ಶುರುವಾದದ್ದು 1994ರಲ್ಲಿ. ಅದಕ್ಕೂ ಎಂಟು ವರ್ಷ ಮುಂಚೆ ಇಲ್ಲಿ ದೇಸಿಗಳು ಒಬ್ಬರ ಮನೆಯಲ್ಲೊಬ್ಬರು ಸೇರತೊಡಗಿದ್ದರೆಂಬುದು ನನಗೆ ಇಂದಿಗೂ ಹೆಮ್ಮೆ, ಅದರಲ್ಲಿ ನನ್ನ ಪಾಲು ಏನೂ ಇಲ್ಲದಿದ್ದರೂ.

ಪಾಲು ಇಲ್ಲದ್ದು ಏಕೆಂದು ಹೇಳಿಬಿಡುತ್ತೇನೆ. 1991ರಲ್ಲಿ ಅಂಥ ಒಂದು ಮನೆಕೂಟಕ್ಕೆ ಹೋಗಿದ್ದೆ. ಬಿಸಿ ಪಾತ್ರೆ ಮುಟ್ಟಿ “ಅಯ್ಯಪ್ಪಾ” ಎಂದು ಉದ್ಗರಿಸಿದೆ, ಪಕ್ಕದಲ್ಲಿ ಚಿತ್ರಾನ್ನ ಬಡಿಸುತ್ತಿದ್ದವರು ಸೌಟು ಹಿಡಿದೇ ತಿರುಗಿ, “ಯಾವೂರ್ರೀ ನಿಮ್ದು?” ಎಂದರು. ಪಂಜಾಬಿಗಳ, ಗುಜರಾತಿಗಳ ನಡುವೆ ನಿರಾಳವಾಗಿದ್ದವನು ಆ ಒಂದು ಪ್ರಶ್ನೆಗೆ ಬೆವತುಹೋದೆ. ಅವರ ಸೋದರತ್ತೆ ನಮ್ಮ ಬಡಾವಣೆಯವರೇ ಆಗಿದ್ದರೆ? ಊಟ ಮುಗಿಸದೆ ಎದ್ದು ಬಂದೆ. ಮುಂದಿನ ಯುಗಾದಿಯ ಕನ್ನಡದವರ ಕೂಟದಲ್ಲಿ ಅವರೇ ಎದುರಾಗಿ ನಗುತ್ತ ಬಂದಾಗ, ಬೇರೆ ಯಾರೋ ಎಂಬಂತೆ ಮುಖ ತಿರುಗಿಸಿದೆ. ಅವರ ಕೈಯಲ್ಲಿ ಬೇವು ಬೆಲ್ಲದ ತಟ್ಟೆ ಇತ್ತು. ಅವರು ಏನೂ ಅನ್ನಲಿಲ್ಲ, ಯಾರಿಗೂ ಏನೂ ಹೇಳಲೂ ಇಲ್ಲ. ನಾನು ಮತ್ತೆ ಆ ಗುಂಪಿಗೆ ಹೋಗುವಷ್ಟು ಧೈರ್ಯ ತಂದುಕೊಳ್ಳಲು ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರು ಊರು ಬಿಟ್ಟಿದ್ದರು, ವಿಳಾಸ ಯಾರಲ್ಲೂ ಇರಲಿಲ್ಲ.

ಸುದ್ದಿ ಊರಿಗೆ ಮುಟ್ಟೀತೇ ಎಂದರೆ, ಮುಟ್ಟಬಹುದು, ನಮ್ಮವರ ಬಾಯಿ ನಿಮಗೆ ಗೊತ್ತೇ ಇದೆ. ಆದರೆ ಅಂಥ ಕೂಟದಲ್ಲಿ ನಿಮ್ಮನ್ನು ಗುರುತಿಸುವವರೂ ಅದೇ ಸುದ್ದಿಗೆ ಅಂಜಿ ಬಂದವರಾಗಿರುತ್ತಾರೆಂಬ ಸರಳ ಲೆಕ್ಕ ಆಗ ನನಗೆ ಹೊಳೆಯಲಿಲ್ಲ. ಮದುವೆ, ವೀಸಾ ಎಂದು ಕೇಳಿದ್ದಕ್ಕೆ ಚುಟುಕಾಗಿ ಹೇಳುವುದಾದರೆ, ಅಮೆರಿಕದ ಸರ್ವೋಚ್ಚ ನ್ಯಾಯಾಲಯದ 2013ರ ತೀರ್ಪಿನ ನಂತರ ಮದುವೆಯಾದ ಸಲಿಂಗಿ ಸಂಗಾತಿಗೂ ಗ್ರೀನ್ ಕಾರ್ಡ್ ಸಿಗುವಂತಾಗಿದೆ; ವಿವರಕ್ಕೆ ವಕೀಲರನ್ನೇ ಕಾಣಿ.

ಬಂದು ನೆಲೆಯಾದ ಮೇಲೆ ತಿಳಿಸಿ, ಒಂದು ಭಾನುವಾರ ಮಧ್ಯಾಹ್ನ ಟ್ವಿನ್ ಪೀಕ್ಸ್‌ನಲ್ಲಿ ಕೂರೋಣ. ಕಿಟಕಿಯ ಪಕ್ಕದ ಮೇಜು ನನ್ನದು. ಕನ್ನಡದಲ್ಲೇ ಮಾತಾಡೋಣ, ಮೊದಮೊದಲು ದನಿ ತಗ್ಗಿಸಬೇಕೆನಿಸಿದರೆ ತಗ್ಗಿಸಿ, ನಾನು ತಪ್ಪು ತಿಳಿಯುವುದಿಲ್ಲ.